ನಂಜುಂಡನ ನಾಲ್ಕು ಹಾಳೆ

ನಂಜುಂಡ, ನೀನು ಬರೆಯುವುದನ್ನು ಬಿಟ್ಟದ್ದು ನನ್ನಿಂದ. ನಿನ್ನ ಪದ್ಯ ಚೆನ್ನಾಗಿದೆ ಎಂದು ಗೊತ್ತಿದ್ದೂ ಚೆನ್ನಾಗಿಲ್ಲ ಎಂದೆ. ಇಷ್ಟು ವರ್ಷ ಯಾರ ಹತ್ತಿರವೂ ಇದನ್ನು ಹೇಳಿಲ್ಲ.

ಮಾಲೂರಿನ ಶಾಲೆಯಲ್ಲಿ ಒಟ್ಟಿಗೆ ಓದಿದವರು ನಾವು. ನೀನು ಶಿವಾರಪಟ್ಟಣಕ್ಕೆ ಮರಳಿ ಅಪ್ಪನ ಜೊತೆ ವಿಗ್ರಹ ಕೆತ್ತಲು ಕೂತೆ. ನಾನು ಕೋಲಾರದಲ್ಲಿ ಕನ್ನಡ ಪಂಡಿತನಾದೆ. ಮೂವತ್ತರ ದಶಕದ ನಡುವೆ ನನ್ನ ಮೊದಲ ಸಂಕಲನ ಬಂತು — ಉದ್ದುದ್ದ ಸಮಾಸ, ಪ್ರಾಸ, ನಾನು ಎಂದೂ ಕಾಣದ ಹಂಸಗಳು. ಆಗಲೇ ನೀನು ನಾಲ್ಕು ಹಾಳೆ ಹಿಡಿದು ನನ್ನ ಶಾಲೆಗೆ ಬಂದದ್ದು. ಕಲ್ಲಿನ ಧೂಳು ಕುಡಿದು ಸೊರಗುತ್ತಿದ್ದ ನಿಮ್ಮಪ್ಪನ ಮೇಲೆ ಬರೆದಿದ್ದೆ. ‘ಅಪ್ಪ ಕೆಮ್ತಾನೆ, ದೇವ್ರ ಮೈಮೇಲಿನ ಧೂಳು ಅಲ್ಲಾಡ್ತದೆ.’ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅದರ ಹಿಂದೆಯೇ ಹೊಟ್ಟೆಕಿಚ್ಚು — ಹೌದು, ಬೇರೆ ಹೆಸರಿಲ್ಲ ಅದಕ್ಕೆ.

ಅಲ್ಲಿದ್ದ ಮೇಷ್ಟರುಗಳ ಮುಂದೆ ಅದನ್ನು ಗಟ್ಟಿಯಾಗಿ ಓದಿ ನಕ್ಕೆ.

“ಲೇ ನಂಜುಂಡ, ಇದು ಸಂತೆ ಮಾತು ಕಣೋ, ಕವಿತೆ ಅಲ್ಲ. ನಿನಗ್ಯಾಕೋ ಇದೆಲ್ಲಾ?”

“ಹಂಗಾ?” ಎಂದೆ ನೀನು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೋದೆ.

ನನ್ನ ಎರಡನೆಯ ಸಂಕಲನವೂ ಮೊದಲಿನ ಹಾಗೇ ಇತ್ತು, ಯಾರೂ ಓದಲಿಲ್ಲ. ಆಮೇಲೆ ನನ್ನ ಹೆಂಡತಿ ತೀರಿಕೊಂಡಳು. ಅವಳ ಮೇಲೆ ಬರೆಯಲು ಕೂತರೆ ಒಂದು ಸಮಾಸವೂ ಹತ್ತಿರ ಸುಳಿಯಲಿಲ್ಲ. ಬಂದದ್ದು ನಿನ್ನ ಆ ಸಾಲಿನ ನಡಿಗೆ — ಮನೆಯಲ್ಲಿ ಆಡುವ ಮಾತು, ಕಣ್ಣಿಗೆ ಕಂಡದ್ದು, ಅಷ್ಟೇ. ಸಾಲುಗಳನ್ನು ಕದಿಯಲಿಲ್ಲ. ಹಾಗೆ ಬರೆಯಬಹುದು ಎಂಬುದನ್ನೇ ನಿನ್ನಿಂದ ತೆಗೆದುಕೊಂಡೆ. ನಿನಗೆ ಕೂಡದು ಎಂದದ್ದನ್ನೇ —

ಮೂರನೆಯ ಪುಸ್ತಕಕ್ಕೆ ಕೋಲಾರದಲ್ಲಿ ಸನ್ಮಾನ ನಡೆಯಿತು. “ನಿಮ್ಮ ಭಾಷೆ ಇಷ್ಟು ಹೇಗೆ ಬದಲಾಯ್ತು ಸಾರ್?” ಎಂದು ಸಭೆಯಲ್ಲಿ ಯಾರೋ ಕೇಳಿದರು. ಹಿಂದಿನ ಸಾಲಿನಲ್ಲಿ ನೀನು ಕೂತಿದ್ದೆ. ನಿನ್ನನ್ನು ಕಂಡೂ, “ದುಃಖವೇ ಕಲಿಸಿತು” ಎಂದೆ. ಎಲ್ಲರ ಜೊತೆ ನೀನೂ ಚಪ್ಪಾಳೆ ತಟ್ಟಿದೆ.

ಸಭೆ ಮುಗಿದ ಮೇಲೆ ನೀನು ಬಂದು ನನ್ನ ಕೈ ಹಿಡಿದುಕೊಂಡೆ. ನಿನ್ನ ಅಂಗೈ ಒರಟಾಗಿತ್ತು.

“ನೀನ್ ಅವತ್ತು ಹೇಳಿದ್ದೇ ಸರಿ ಕಣೋ. ಇಂಗೆ ಬರಿಯೋಕೆ ನಿನ್ನಂಥೋನೇ ಬೇಕು. ನಂಗೆಲ್ಲಿ ಬತ್ತದೆ? ಆ ಹಾಳೆ ಒಲೆಗೆ ಹಾಕಿದ್ದೇ ಒಳ್ಳೇದಾಯ್ತು.”

ಆಗಲಾದರೂ ನಿಜ ಹೇಳಬಹುದಿತ್ತು. ಸುತ್ತ ಜನವಿದ್ದರು, ಕೊರಳಲ್ಲಿ ಹಾರವಿತ್ತು — ಇಲ್ಲ, ಅದು ಕಾರಣವಲ್ಲ. ಒಂದೇ ಮಾತು ಸಾಕಿತ್ತು, ನಂಜುಂಡ. ನಾನು, “ಊಟ ಮಾಡ್ಕೊಂಡು ಹೋಗು” ಎಂದೆ.