ಶೀಟಿನ ಮೇಲೆ ಎಸೆದ ಕಲ್ಲು

ಮಗಳ ಮೂತ್ರಪಿಂಡದ ಕಲ್ಲನ್ನು ಕೊಯ್ಯದೆ, ಹೊರಗಿನಿಂದಲೇ ಅಲೆಗಳ ಪೆಟ್ಟು ಕೊಟ್ಟು ಒಡೆಯುತ್ತೇವೆ ಎಂದು ಹೊಸೂರಿನ ಡಾಕ್ಟರು ಹೇಳಿದಾಗ ನನ್ನ ಹೆಂಡತಿಗೆ ಹೋದ ಜೀವ ಬಂದಂತಾಯಿತು. ನಾನು ಮಾತ್ರ, ಒಡೆದ ಚೂರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮೂತ್ರದಲ್ಲಿ ಬರುತ್ತದೆ ಎಂದರು. ಬರದಿದ್ದರೆ ಎಂದೆ. ಡಾಕ್ಟರು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ನೋಡಿದರು, ಇಂಥವನನ್ನು ಹೇಗಮ್ಮ ಸಹಿಸುತ್ತೀಯ ಎನ್ನುವ ಹಾಗೆ.

ಆಗದೇ ಹೋದದ್ದಕ್ಕೆಲ್ಲ ಆಯುಷ್ಯವಿಡೀ ಹೆದರಿದವನು ನಾನು. ಈ ಸಲ ಮಾತ್ರ ಹೆದರಿದ್ದೇ ಆಯಿತು. ಅಲೆಯ ಪೆಟ್ಟು ಕೊಡಿಸಿ ಮನೆಗೆ ಕರೆತಂದ ಮೇಲೆ ಮೂತ್ರ ಕೆಂಪಗಾದದ್ದು, ಬೆನ್ನಿನ ಮೇಲೆ ನೀಲಿ ಕಲೆ ಮೂಡಿದ್ದು ಸರಿಯೇ. ಅವೆರಡನ್ನೂ ಡಾಕ್ಟರು ಮೊದಲೇ ಹೇಳಿದ್ದರು. ಆಮೇಲೆ ಹೊಟ್ಟೆನೋವು, ವಾಂತಿ. ಸ್ಕ್ಯಾನ್ ಮಾಡಿ ನೋಡಿದರೆ ಚೂರುಗಳೆಲ್ಲ ಒಟ್ಟಿಗೇ ಇಳಿಯಲು ಹೊರಟು, ಅತ್ತಿಬೆಲೆ ದಾರಿಯ ಲಾರಿಗಳಂತೆ ಮೂತ್ರನಾಳದಲ್ಲಿ ಸಾಲುಗಟ್ಟಿ ನಿಂತುಬಿಟ್ಟಿದ್ದವು. ನೋವಿಗೆ ಔಷಧಿ ಬರೆದು, ನೀರು ಕುಡಿಸಿ ಎಂದರು. ಜ್ವರ ಬಂದರೆ ತಕ್ಷಣ ಕರೆತನ್ನಿ. ಬರದಿದ್ದರೂ ಸೋಮವಾರದೊಳಗೆ ದಾರಿ ಬಿಡದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಒಳಗೆ ಟ್ಯೂಬ್ ಇಡಬೇಕಾಗುತ್ತದೆ. ಮೂತ್ರ ಸೋಸಿ, ಸಿಕ್ಕ ಚೂರನ್ನು ಪರೀಕ್ಷೆಗೆ ತನ್ನಿ ಎಂದೂ ಹೇಳಿದರು.

ಮತ್ತಿಗಿರಿಯ ನಮ್ಮ ಮನೆಯಲ್ಲಿ ಟೀ ಸೋಸುವ ಜಾಲರಿ ಬಚ್ಚಲಿಗೆ ವರ್ಗವಾಯಿತು. ಉದ್ದನಪಲ್ಲಿಯಿಂದ ನನ್ನ ಅವ್ವ ಬಂದಳು. ನಾನು ಥರ್ಮಾಮೀಟರ್ ಹಿಡಿದು ಮಗಳ ಹಿಂದೆಯೇ ಸುತ್ತಿದೆ. ಒಂಬತ್ತು ವರ್ಷದ ಹುಡುಗಿ ಕೊನೆಗೆ ಅದನ್ನು ಕಿತ್ತು ನನ್ನ ಕಂಕುಳಿಗೇ ಸಿಕ್ಕಿಸಿ, "ನಿಂಗೇ ಜ್ವರ ಬಂದಂಗೈತೆ, ಸುಮ್ಕೆ ಕೂತ್ಕೋ" ಎಂದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಫ್ಯಾಕ್ಟರಿ ಶಿಫ್ಟಿಗೆ ಹೋಗಿದ್ದಳು. ನಾನು ಎಳನೀರು ತರಲು ಹೋಗಿ ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಹಿತ್ತಲಲ್ಲಿ ನಗುತ್ತಾ ನಿಂತಿದ್ದರು. ಅವ್ವ ಕೈ ತೊಳೆಯುತ್ತಿದ್ದಳು. ಕಲ್ಲು ಬಿತ್ತಂತೆ, ನೋವೂ ಹೋಯಿತಂತೆ. ಜಾಲರಿ ನೋಡಿದರೆ ಖಾಲಿ.

"ಕಲ್ಲೆಲ್ಲವ್ವಾ?"

"ಸಗಣೀಲಿ ಸುತ್ತಿ ಸೂರ್ ಮ್ಯಾಲೆ ಎಸುದ್ವಿ ಕಣ್ಲಾ. ಹಲ್ಲು ಬಿದ್ರೆ ಇನ್ನೇನ್ ಮಾಡ್ತೀವಿ? ಇದೂ ಮೈಯಿಂದ ಉದುರಿದ್ದೇ ಅಲ್ವಾ?"

ಮತ್ತಿಗಿರಿಯಲ್ಲಿ ಸಗಣಿಗೆ ಬರವಿಲ್ಲ. ಪಕ್ಕದ ಮನೆಯಲ್ಲೇ ಹಸುವಿದೆ. ಸೂರು ಅಂದರೆ ನಮ್ಮ ಬಚ್ಚಲ ಮೇಲಿನ ಶೀಟು. ಬಲ್ಬ್ ಬದಲಿಸಲು ಸ್ಟೂಲು ಹತ್ತಲೂ ಯೋಚಿಸುವ ನಾನು ಏಣಿ ಇಟ್ಟು ಹತ್ತಿದೆ. ಕೆಳಗಿನಿಂದ ಅವ್ವ ಎಡಕ್ಕೆ, ಬಲಕ್ಕೆ ಎಂದು ಕೈ ಮಾಡುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ಮೇಲೆ ಏನು ಹುಡುಕುತ್ತಿದ್ದಾರೆಂದು ತಮಿಳಿನಲ್ಲಿ ವಿಚಾರಿಸಿದಳು. ಅವ್ವ ತೆಲುಗಿನಲ್ಲಿ ಎಲ್ಲವನ್ನೂ ವಿವರಿಸಿದಳು, ಬೀದಿಗೆಲ್ಲ ಕೇಳುವ ಹಾಗೆ. ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಳು. ನಾನು ಒಂದು ಮೆಟ್ಟಿಲು ಇಳಿದೆ. ನೋಡಿದರೆ ನಗುತ್ತಿದ್ದಳು. ವಾರದಿಂದ ಆ ಹೊಟ್ಟೆಯನ್ನು ನೋವಿಗೆ ಮಾತ್ರ ಹಿಡಿದದ್ದನ್ನು ಕಂಡಿದ್ದೆ.

ಉಂಡೆ ಸಿಕ್ಕಿತು. ತೊಳೆದಾಗ ರಾಗಿಕಾಳಿನಷ್ಟು ದಪ್ಪದ ಒಂದಿಷ್ಟು ಹರಳು ಉಳಿದವು. ಅವು ಮಗಳವೋ ಹಿತ್ತಲಿನ ಮರಳೋ ಎಂಬ ಹೊಸ ಚಿಂತೆ ನನಗೆ ಶುರುವಾಯಿತು. ಮರಳಾದರೆ ಟ್ಯೂಬು ತಪ್ಪಿದ್ದಲ್ಲ.

ಸೋಮವಾರ ಡಾಕ್ಟರು ಸ್ಕ್ಯಾನ್ ಯಂತ್ರವನ್ನು ಹೊಟ್ಟೆಯ ಮೇಲೆ ಆಡಿಸಿ ನೋಡಿದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿ, ದಾರಿ ಪೂರ್ತಿ ಖಾಲಿ, ಟ್ಯೂಬು ಬೇಡ ಎಂದರು. ಹೆಂಡತಿ ಮಗಳ ತಲೆ ಸವರುತ್ತಲೇ ಇದ್ದಳು. ನಾನು ಹರಳಿನ ಡಬ್ಬಿ ಮುಂದಿಟ್ಟು ಅದರ ಕಥೆ ಹೇಳಿದೆ. ಅವರು ಅದನ್ನು ಮೂಗಿನಿಂದ ದೂರವಿಟ್ಟೇ ಮುಚ್ಚಳ ತೆಗೆದರು. ನಗು ತಡೆಯಲಾಗದೆ, ನರ್ಸನ್ನೂ ಕರೆದು ತೋರಿಸಿದರು.

ಇನ್ನೊಂದು ಸಲ ನೋಡಿಬಿಡಿ ಸಾರ್, ಮೂಲೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಎಂದೆ. ಅವರು ನೋಡಿದರು. ಮತ್ತೂ ಒಮ್ಮೆ ಕೇಳಲು ಬಾಯಿ ತೆರೆದೆ. ಮಗಳು ಆಗಲೇ ಮಂಚದಿಂದ ಇಳಿದು ಚಪ್ಪಲಿ ಮೆಟ್ಟಿ ನನ್ನ ಕೈ ಹಿಡಿದಿದ್ದಳು.

"ಬಾರಪ್ಪಾ, ಅವ್ರು ಊಟಕ್ಕೋಗ್ಲಿ."