ತಪ್ಪು ಜೀಪಿನದಲ್ಲ

ನನ್ನ ಗಂಡನ ಹೆಸರು ಬಸವಂತಪ್ಪ. ನವಲಗುಂದದ ಹತ್ತಿರದ ಹಳ್ಳಿಯವರು. ಇಪ್ಪತ್ತಾರು ವರ್ಷದ ಹಿಂದೆ ಧಾರವಾಡದ ಡಾಕ್ಟರ್ ಕುಟುಂಬವೊಂದು ಲಂಡನ್ನಿಗೆ ಬರುವಾಗ ಮನೆಗೆಲಸಕ್ಕೆಂದು ಅವರನ್ನೂ ಕರೆತಂದಿತು. ಆಮೇಲೆ ನಾನು ಬಂದೆ. ಅವರು ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಭಾರ ಎತ್ತಿಳಿಸುವ ಫೋರ್ಕ್‌ಲಿಫ್ಟ್ ಓಡಿಸಿದರು. ನಾನು ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ಸಮೋಸಾ ಮಡಚಿದೆ. ಈ ಫೆಬ್ರವರಿಯಲ್ಲಿ ಕೆಲಸದ ಜಾಗದಲ್ಲೇ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಐವತ್ತೆಂಟು ವರ್ಷ.

ಅವರು ಬಿಟ್ಟುಹೋದದ್ದು ಒಂದು ಜೀಪು, ಒಂದು ಕ್ಯಾರವಾನ್. ಜೀಪಿಗೆ ಇಲ್ಲಿನವರು ಎಸ್‌ಯುವಿ ಅನ್ನುತ್ತಾರೆ, ನಮಗೆ ಎತ್ತರದ ಗಾಡಿಯೆಲ್ಲ ಜೀಪೇ. ಹದಿನೇಳು ವರ್ಷ ಹಳೆಯದು. ಪೆಟ್ರೋಲಿನದೇ ಬೇಕೆಂದು ಹುಡುಕಿ ತಂದಿದ್ದರು. ಹಳೆಯ ಡೀಸೆಲ್ ಆದರೆ ಲಂಡನ್ನಿನಲ್ಲಿ ದಿನವೂ ಹೊಗೆಗೆ ಸುಂಕ ಕಟ್ಟಬೇಕು. ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಮನೆ. ಅದಕ್ಕೆ ಇಂಜಿನ್ ಇಲ್ಲ, ಜೀಪಿನ ಹಿಂದೆ ಕಟ್ಟಿ ಎಳೆಯಬೇಕು. ಒಳಗೆ ಒಲೆ, ಸಿಂಕು, ಎರಡು ಹಾಸಿಗೆ.

ಡಾಕ್ಟರ್ ಮನೆಯವರು ರಜೆಗೆ ಸಮುದ್ರಕ್ಕೆ ಹೋದಾಗಲೆಲ್ಲ ಇವರು ಮನೆ ಕಾಯುತ್ತಿದ್ದರು. ಮುಂದೆ ನಾವೂ ಒಮ್ಮೆ ಸಮುದ್ರದ ಹತ್ತಿರ ಕೋಣೆ ಹಿಡಿದೆವು. ನಾನು ಒಗ್ಗರಣೆ ಹಾಕಿದೆ. ಮನೆಯಾಕೆ ಬಂದು ಕಿಟಕಿಗಳನ್ನೆಲ್ಲ ತೆರೆದಿಟ್ಟು ಹೋದಳು. "ಇನ್ನ ಮ್ಯಾಲೆ ನಮ್ಮ ಮನಿ ನಾವ ತಗೊಂಡ ಹೋಗೂಣು" ಎಂದರು ಇವರು. ಹಾಗೆ ಬಂತು ಕ್ಯಾರವಾನ್.

ಮೊದಲ ಪ್ರಯಾಣ ಹೋದ ವರ್ಷಕ್ಕೂ ಹಿಂದಿನ ವರ್ಷದ ಆಗಸ್ಟಿನಲ್ಲಿ. ನಾಲ್ಕು ದಿನಕ್ಕೆಂದು ವೇಲ್ಸ್‌ನ ಸಮುದ್ರಕ್ಕೆ ಹೊರಟೆವು. ಸ್ಲೌ ದಾಟಿದ ಮೇಲೆ ದೊಡ್ಡ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿಗೆ ಕ್ಯಾರವಾನ್ ಬಾಲ ಆಡಿಸಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ದೂರಕ್ಕೆ. ಜೀಪೂ ಹಾವಿನ ಹಾಗೆ ಹೊರಳಿತು. ಇವರು ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ಕೂತರು. ನಿಧಾನವಾದ ಮೇಲೆ ಹೊರಳಾಟ ನಿಂತಿತು. ಮುಂದೆ ಹೋಗಲಿಲ್ಲ, ಮನೆಗೆ ಮರಳಿದೆವು.

"ಜೀಪ ಸೋತೈತಿ. ಹಿಂದಿನ ಸ್ಪ್ರಿಂಗ್ ಮೆತ್ತಗಾಗ್ಯಾವು" ಎಂದರು.

ಅಂದಿನಿಂದ ರಜೆಯ ದಿನವೆಲ್ಲ ಜೀಪಿನ ಕೆಳಗೆ. ಹಿಂದಿನ ಸ್ಪ್ರಿಂಗು ಬದಲಿಸಿದರು. ನಾಲ್ಕೂ ಚಕ್ರದ ಬ್ರೇಕು ಹೊಸದು ಮಾಡಿದರು. ಎಳೆಯುವಾಗ ಗೇರಿನ ಎಣ್ಣೆ ಕಾಯುತ್ತದೆಂದು ಅದನ್ನು ತಣ್ಣಗಿಡುವ ಚಿಕ್ಕ ರೇಡಿಯೇಟರ್ ಕೂರಿಸಿದರು. ಭಾರ ಹೊರುವ ಟಯರು, ಉದ್ದನೆಯ ಕನ್ನಡಿ. ಆದರೂ ನಂಬಿಕೆ ಬರಲಿಲ್ಲ. "ಇನ್ನೂ ಏನೋ ಐತಿ, ಸಿಗವಲ್ದು" ಅನ್ನುತ್ತಿದ್ದರು. ಮತ್ತೆ ಹೊರಡಲೇ ಇಲ್ಲ. ಹಾಗೇ ಹೋದರು.

ನಮ್ಮ ಮಗಳು ಅಂಕಿತಾ. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಮೇ ತಿಂಗಳಲ್ಲಿ ಅವಳು ಗಿರಾಕಿ ಹುಡುಕಿದಳು.

"ಸೆಲ್ ಬೋತ್, ಅಮ್ಮಾ. ಹಿ ಈಸ್ ಕಮಿಂಗ್ ಸಂಡೇ."

"ನಾ ಹೊಡೀತೀನಿ ಗಾಡಿ."

"ಯೂ? ಅಪ್ಪನೇ ಹೆದರಿದ್ದರು!"

ಅಷ್ಟು ಮಾತ್ರ ಕನ್ನಡದಲ್ಲಿ ಹೇಳಿದಳು. ನನಗೆ ಚುಚ್ಚಿತು. ನಾನು ಮಾತು ಬಿಡಲಿಲ್ಲ. ಕಾರಿನ ಲೈಸೆನ್ಸ್ ನನಗೂ ಇದೆ, ಎಳೆಯಲು ಈಗ ಅದೇ ಸಾಕು. ಕೊನೆಗೆ ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು. ಭಾನುವಾರ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ದೊಡ್ಡ ರಸ್ತೆಯಲ್ಲಿ ಎಳೆದು ತೋರಿಸಬೇಕು. ಬಾಲ ಆಡಿಸಿದರೆ ಅದೇ ಮಧ್ಯಾಹ್ನ ಎರಡೂ ಗಿರಾಕಿಗೆ.

ಶನಿವಾರ ಪರಿಚಯದ ರಾಮಪ್ರಸಾದ ಅವರನ್ನು ಕರೆಸಿ ನಡೆದದ್ದು ಹೇಳಿದೆ. ಮೈಸೂರಿನವರು. ಊರಲ್ಲಿ ಬಸ್ ಡಿಪೋದ ಮೆಕ್ಯಾನಿಕ್, ಇಲ್ಲಿ ಹೌನ್ಸ್ಲೋದ ಒಂದು ಗ್ಯಾರೇಜಿನಲ್ಲಿ ಕೆಲಸ. ಕ್ಯಾರವಾನ್ ನಿಲ್ಲಿಸಲು ಬಾಡಿಗೆಗೆ ಹಿಡಿದ ಅಂಗಳಕ್ಕೇ ಬಂದರು. ಜೀಪನ್ನು ಜ್ಯಾಕಿನ ಮೇಲೆ ಎತ್ತಿ, ಕೆಳಗೆ ನುಗ್ಗಿ, ಎರಡು ತಾಸು ನೋಡಿದರು. ಎದ್ದು ಕೈ ಒರೆಸಿಕೊಂಡರು.

"ಏನೂ ತಪ್ಪಿಲ್ಲ ರತ್ನಕ್ಕ. ಯಜಮಾನ್ರು ಒಂದು ಬೋಲ್ಟೂ ಬಿಟ್ಟಿಲ್ಲ."

"ಮತ್ತ ಯಾಕ ಹೊಳ್ಳಾಡ್ತು, ಪ್ರಸಾದಣ್ಣಾರ?"

"ಅವತ್ತು ಕ್ಯಾರವಾನಲ್ಲಿ ಏನೇನು ಹಾಕಿದ್ರಿ?"

"ಅರಿವಿ. ಭಾಂಡೆ. ಅಕ್ಕಿ."

"ಎಷ್ಟು ಅಕ್ಕಿ?"

"ಒಂದು ಚೀಲ. ಇಪ್ಪತ್ತು ಕಿಲೋ."

"ನಾಲ್ಕು ದಿನಕ್ಕೆ?"

ಅವರು ಬಿಡಲಿಲ್ಲ. "ಇನ್ನೇನಕ್ಕ?"

"ಜ್ವಾಳದ ಹಿಟ್ಟು ಹತ್ತು ಕಿಲೋ. ಎರಡು ಕ್ಯಾನು ನಮ್ಮ ಮನಿ ನೀರು." ದನಿ ತಗ್ಗಿಸಿ ಹೇಳಿದೆ. "ಗ್ರೈಂಡರ್."

"ಕಲ್ಲಿಂದಾ?"

"ಹೂಂ."

"ನೀವು ವೇಲ್ಸಲ್ಲಿ ಹೋಟ್ಲಿಡೋಕೆ ಹೊರಟಿದ್ರಾ?" ಅವರು ಜೀಪಿಗೆ ಒರಗಿ ನಕ್ಕರು. "ಎಲ್ಲಿಟ್ಟಿದ್ರಿ?"

ಕ್ಯಾರವಾನಿನ ತೀರ ಹಿಂದೆ, ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ. ಅಲ್ಲಿಟ್ಟದ್ದು ಬಚ್ಚಿಡಲು. ಇವರು ಮೊದಲೇ ಹೇಳಿದ್ದರು, "ಗ್ರೈಂಡರ್ ಬ್ಯಾಡ, ಹಿಟ್ಟ ಪಾಕೀಟ ಸಿಗತಾವ" ಎಂದು. ಪಾಕೀಟಿನ ಹಿಟ್ಟಿನ ದೋಸೆ ನನಗೆ ಸೇರುವುದಿಲ್ಲ. ಅವರು ಟಯರಿಗೆ ಗಾಳಿ ತುಂಬುತ್ತಿದ್ದಾಗ ಒಳಗೆ ಸೇರಿಸಿದೆ. ಮರಳಿ ಬಂದ ದಿನ ಅವರು ಜೀಪು ತೊಳೆಯುತ್ತಿದ್ದಾಗ ಸದ್ದಿಲ್ಲದೆ ಇಳಿಸಿಕೊಂಡೆ. ಬೈಸಿಕೊಳ್ಳುವುದು ಬೇಡವೆಂದು ಹೇಳಲಿಲ್ಲ.

ರಾಮಪ್ರಸಾದ ನನ್ನನ್ನು ಮನೆಗೆ ಕಳಿಸಿ ಅದನ್ನೆಲ್ಲ ತರಿಸಿದರು. ಜೊತೆಗೆ ಬಚ್ಚಲುಮನೆಯ ತೂಕದ ಯಂತ್ರ. ಖಾಲಿ ಕ್ಯಾರವಾನಿನ ಮೂಗಿನ ಕೆಳಗೆ, ಅಂದರೆ ಜೀಪಿಗೆ ಕಚ್ಚಿಸುವ ತುದಿಯ ಕೆಳಗೆ, ಯಂತ್ರದ ಮೇಲೆ ಒಂದು ಕಟ್ಟಿಗೆ ನಿಲ್ಲಿಸಿ ಮೂಗನ್ನು ಅದರ ಮೇಲೆ ಇಳಿಸಿದರು. ಎಪ್ಪತ್ತೆಂಟು ಕಿಲೋ ತೋರಿಸಿತು.

"ಇಷ್ಟಿರಬೇಕು. ಈಗ ಅವತ್ತಿನ ಥರಾನೇ ಹಾಕಿ."

ಹಾಕಿದೆ. ನಲವತ್ತಮೂರಕ್ಕೆ ಇಳಿಯಿತು.

ನನಗೆ ಆಗಲೇ ತಿಳಿಯಿತು. ಅವರು ಬಾಯಿ ಬಿಡುವ ಮುಂಚೆ ನಾನೇ ಹೇಳಿದೆ: "ಹಿಂಭಾರ."

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ನನ್ನಪ್ಪ ಗಾಡಿ ಹೇರುವಾಗ ನಾನು ಮೇಲೆ ನಿಂತು ಚೀಲ ಜೋಡಿಸುತ್ತಿದ್ದೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಕಟ್ಟುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಮುಂಭಾರ ಸ್ವಲ್ಪ ಇರಬೇಕು. ಇವರಿಗೂ ಅದು ಗೊತ್ತಿತ್ತು. ಜೀವನವಿಡೀ ಭಾರ ಎತ್ತಿಳಿಸಿದವರು. ಒಂದು ಮಾತು ನಾನು ಹೇಳಿದ್ದರೆ ಆ ಕ್ಷಣವೇ ಹಿಡಿದುಬಿಡುತ್ತಿದ್ದರು. ಹದಿನೆಂಟು ತಿಂಗಳು ಅಂಗಾತ ಮಲಗಿ ಅವರು ಜೀಪಿನ ಕೆಳಗೆ ಹುಡುಕಿದ್ದು ನನ್ನ ಗ್ರೈಂಡರನ್ನು.

ಅಲ್ಲೇ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಅತ್ತೆ. ರಾಮಪ್ರಸಾದ ಸ್ವಲ್ಪ ಹೊತ್ತು ಬಿಟ್ಟು ಬಂದರು.

"ಅವ್ರು ಮಾಡಿದ್ದು ದಂಡ ಆಗಿಲ್ಲ ಅಕ್ಕ. ಬ್ರೇಕು, ಸ್ಪ್ರಿಂಗು ಹಳೇವೇ ಆಗಿದ್ರೆ ನಾನೇ ನಿಮ್ಮನ್ನ ರೋಡಿಗೆ ಬಿಡ್ತಿರಲಿಲ್ಲ. ಏಳಿ, ಚೀಲ ಹಿಡೀರಿ."

ಅಕ್ಕಿ ಚೀಲವನ್ನು ಐದು ಕಿಲೋಗೆ ಇಳಿಸಿದೆವು. ನೀರಿನ ಕ್ಯಾನು ಬಿಟ್ಟೆವು. ಗ್ರೈಂಡರನ್ನು ಅವರು ಬಿಡಿಸಲು ನೋಡಿದರು, ನಾನು ಬಿಡಲಿಲ್ಲ. ಅದನ್ನು, ಜೊತೆಗೆ ಅಕ್ಕಿಯನ್ನೂ ಜೋಳದ ಹಿಟ್ಟನ್ನೂ, ನಡುವೆ ಚಕ್ರಗಳ ನೇರಕ್ಕೆ ನೆಲದ ಮೇಲಿಟ್ಟು ಪಟ್ಟಿಯಿಂದ ಬಿಗಿದೆವು. ಮೂಗು ಮತ್ತೆ ಎಪ್ಪತ್ತೆಂಟಕ್ಕೆ ಬಂತು.

ಭಾನುವಾರ ಅಂಕಿತಾ ಪಕ್ಕದಲ್ಲಿ, ರಾಮಪ್ರಸಾದ ಹಿಂದಿನ ಸೀಟಿನಲ್ಲಿ. ಗ್ರೀನ್‌ಫರ್ಡ್‌ನಿಂದ ಎ-ನಲವತ್ತು ರಸ್ತೆ ಹಿಡಿದೆ. ಐವತ್ತು ಮೈಲಿ ವೇಗ. ಡೆನಮ್ ದಾಟಿದ ಮೇಲೆ ಕನ್ನಡಿಯಲ್ಲಿ ಲಾರಿ ಕಂಡಿತು.

"ಅಮ್ಮಾ, ಲಾರಿ."

"ಕಂಡೈತಿ, ಸುಮ್ನ ಕೂಡು."

ಲಾರಿ ಪಕ್ಕಕ್ಕೆ ಬಂತು, ಗಾಳಿ ತಳ್ಳಿತು, ಮುಂದೆ ಹೋಯಿತು. ಕ್ಯಾರವಾನ್ ಒಮ್ಮೆ ಮೈ ಕೊಡವಿ ನೆಟ್ಟಗೆ ಹಿಂದೆ ಬಂತು. ಇನ್ನೊಂದು ಲಾರಿ. ಅದಕ್ಕೂ ಹಾಗೇ. ಅಂಕಿತಾ ತನ್ನ ಕಡೆಯ ಕನ್ನಡಿಯಲ್ಲೇ ಕಣ್ಣು ನೆಟ್ಟಿದ್ದಳು.

"ಇಟ್ಸ್ ಸ್ಟ್ರೇಟ್," ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಇಟ್ಸ್ ರಿಯಲಿ ಸ್ಟ್ರೇಟ್."

ಬೀಕನ್ಸ್‌ಫೀಲ್ಡ್ ಹತ್ತಿರ ಚಹಾಕ್ಕೆ ನಿಂತೆವು. ಅವಳು ಫೋನ್ ತೆಗೆದು ಗಿರಾಕಿಗೆ ಬರಬೇಡಿ ಎಂದು ಬರೆದಳು. ನನಗೆ ತೋರಿಸಿದಳು. ಇಂಗ್ಲಿಷ್ ಓದಲು ನನಗೆ ತಡ, ಆದರೂ ಪೂರ್ತಿ ಓದಿದೆ. ಗ್ರೈಂಡರ್ ವಿಷಯ ಅವಳಿಗೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅಂಗಳಕ್ಕೆ ಮರಳಿದ ಮೇಲೆ ಕ್ಯಾರವಾನನ್ನು ಜೀಪಿನಿಂದಲೇ ಹಿಂದೆ ತಳ್ಳಿ ಎರಡು ಗಾಡಿಗಳ ನಡುವೆ ನಿಲ್ಲಿಸಬೇಕು. ನಾನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಾಲ್ಕು ಸಲ ಸೊಟ್ಟಗಾಯಿತು.

"ಕೊಡಿ ಅಕ್ಕ, ನಾನು ಹಾಕ್ತೀನಿ," ಎಂದರು ರಾಮಪ್ರಸಾದ.

"ನೀವು ಇಳೀರಿ. ಹಿಂದ ನಿಂತು ಬರೇ ಕೈ ಮಾಡ್ರಿ."

ಒಂಬತ್ತನೆಯ ಸಲಕ್ಕೆ ಒಳಗೆ ಹೋಯಿತು.