ನನ್ನ ಹೆಗಲ ಅಳತೆಯ ಬಂದೂಕು

ಗೋವಾದ ಸಾಂಖಳಿ ಸಂತೆಯಲ್ಲಿ ‘ಬಂದೂಕಿನಾಕಿ ಬಂದ್ಲು ನೋಡು’ ಎಂದು ಪಿಸುಗುಟ್ಟುವವರು ಈಗಲೂ ಇದ್ದಾರೆ. ಪಿಸುಗುಟ್ಟಲಿ. ಲೈಸೆನ್ಸಿನ ಮೇಲಿರುವ ಫೋಟೋ ನನ್ನದು, ಸಹಿಯೂ ನನ್ನದು.

ನಮ್ಮದು ಧಾರವಾಡ ಕಡೆಯ ಬಟ್ಟೆ ವ್ಯಾಪಾರದ ಮನೆತನ. ಮಾವನವರು ಸಾಂಖಳಿಗೆ ಬಂದು ಅಂಗಡಿ ಹಾಕಿದರು, ಊರ ಅಂಚಿಗೆ ಎರಡು ತುಂಡು ಭತ್ತದ ಗದ್ದೆಯನ್ನೂ ಕೊಂಡರು. ಮುಂದೆ ಅಂಗಡಿ ನನ್ನ ಗಂಡನ ಪಾಲಿಗೆ ಬಂತು, ಗದ್ದೆ ನನ್ನ ಪಾಲಿಗೆ. ಯಾರೂ ಕೂತು ಹಂಚಿಕೊಟ್ಟಿದ್ದಲ್ಲ, ಕೆಸರಿಗೆ ಇಳಿಯಲು ಮನೆಯಲ್ಲಿ ಬೇರೆ ಯಾರೂ ತಯಾರಿರಲಿಲ್ಲ ಅಷ್ಟೇ.

ಬೆಳೆ ಕಾಯಲು ಮಾವನವರಿಗೊಂದು ಬಂದೂಕಿತ್ತು. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಅದನ್ನು ಅಂಗಡಿಯ ಗಜಕಡ್ಡಿ, ಕತ್ತರಿಗಳ ಸಾಲಿನಲ್ಲಿಟ್ಟು ಹಾಲು ಎರೆದು, ಕುಂಕುಮ ಹಚ್ಚಿ, ಕಾಯಿ ಒಡೆದ ನೀರು ಚಿಮುಕಿಸುತ್ತಿದ್ದರು. ಒರೆಸಿದರೆ ಪೂಜೆ ಕೆಡುತ್ತದೆಂದು ಮರುದಿನ ಹಾಗೇ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸುವುದು. ಎಣ್ಣೆ ಎಂಬುದನ್ನು ಅದು ಕಂಡಿರಲೇ ಇಲ್ಲ. ಅವರು ತೀರಿಕೊಂಡ ಮೇಲೆ ಬಂದೂಕು ರಿಪೇರಿ ಮಾಡುವ ಮಿಸ್ತ್ರಿಗೆ ತೋರಿಸಿದೆವು. ಅವನು ತುಕ್ಕು ಹಿಡಿದ ನಳಿಗೆಯೊಳಗೆ ಕಣ್ಣಿಟ್ಟು ನೋಡಿ, “ಇದನ್ನ ಹಾರಿಸಿದ್ರ ಹಕ್ಕಿ ಉಳೀತಾವ್ರಿ, ನೀವು ಉಳಿಯಂಗಿಲ್ಲ” ಅಂದ. ಆ ಬಂದೂಕನ್ನು ಭಕ್ತಿಯೇ ಕೊಂದಿತ್ತು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ತೋರಿಸುವುದು?

ಹೊಸದರ ಲೈಸೆನ್ಸಿಗೆ ಅರ್ಜಿ ಹಾಕುವಾಗ ನನ್ನ ಹೆಸರನ್ನೇ ಬರೆಸಿದೆ. ನಮ್ಮನೆಯವರು ದೀಪಾವಳಿ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವವರು.

“ಗಂಡಸ್ರಿರೋ ಮನ್ಯಾಗ ನೀ ಯಾಕ ಬಂದೂಕು ಹೊರತೀ?” ಅಂದರು ಅತ್ತೆ.

“ಗಂಡಸ್ರು ಹೊತ್ತಿದ್ರ ನಾ ಯಾಕ ಹೊರತಿದ್ನಿರಿ ಅತ್ತಿ?” ಅಂದೆ.

ಎರಡು ಸಾವಿರದ ಆರನೇ ಇಸವಿ ಇರಬೇಕು. ಮಡಗಾಂವಿನಲ್ಲಿ ಬೆಳಗಾವಿ ಕಡೆಯ ಸಾವಕಾರರೊಬ್ಬರ ಬಂದೂಕಿನ ಅಂಗಡಿ ಇತ್ತು. ಗಂಡ-ಹೆಂಡತಿ ಬಸ್ಸು ಬದಲಿಸಿಕೊಂಡು ಹೋದೆವು. ಕೊಳ್ಳುವವಳು ನಾನು, ಕುರ್ಚಿ ಸಿಕ್ಕಿದ್ದು ಅವರಿಗೆ. ಸಾವಕಾರರು ನಮ್ಮನೆಯವರ ಮುಖ ನೋಡಿಕೊಂಡೇ ಮಾತಾಡಿದರು.

“ಬೇಟೆ ಈಗ ಬಂದ್ ಆಗೇತ್ರಿ. ಆದ್ರ ಹಕ್ಕಿ ಲೆಕ್ಕ ಹಳೇದ ಐತಿ. ಹಿಂದಕಿನವರು ಬಾತುಕೋಳಿಗೆ ಒಂದು, ಕಾಡುಕೋಳಿಗೆ ಒಂದು, ಗೌಜಲ ಹಕ್ಕಿಗೆ ಒಂದು ಇಟ್ಟಿರ್ತಿದ್ರು. ನಿಮಗ ಒಂದ ಬೇಕಂದ್ರ ಜೋಡ ನಳಿಗಿದು ತೊಗೊಳ್ರಿ. ಒಂದು ನಳಿಗಿ ಹತ್ತಿರದ್ದಕ್ಕ, ಇನ್ನೊಂದು ದೂರದ್ದಕ್ಕ.”

ಜೋಡಿ ನಳಿಗೆಯದು ಚೆಂದವೇ ಇತ್ತು, ಸುಳ್ಳು ಹೇಳಬಾರದು. ಬೆಲೆ ಮಾತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ನಮ್ಮನೆಯವರು ಅದನ್ನು ಹೆಗಲಿಗೆ ಹಚ್ಚಿ, ಗೋಡೆಯ ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು. ಪೂಜೆಯ ದಿನ ನಾಲ್ಕು ಮಂದಿಗೆ ತೋರಿಸುವ ಆಸೆ ಅವರ ಕಣ್ಣಲ್ಲೇ ಕಂಡಿತು.

ನಾನು ನಡುವೆ ಬಾಯಿ ಹಾಕಿದೆ. “ನಮ್ಮ ಗದ್ದಿಗೆ ಗುಬ್ಬಿಗಿಂತ ಸಣ್ಣ ಹಕ್ಕಿ ಹಿಂಡ ಹಿಂಡ ಬರ್ತಾವು. ಗಿಣಿ ಎತ್ತರದಾಗ ಬರ್ತಾವು. ನವಲ ಬರ್ತಾವು, ಅವನ್ನಂತೂ ಮುಟ್ಟೂಹಂಗಿಲ್ಲ. ನನಗ ಯಾವುದನ್ನೂ ಕೊಲ್ಲೂದಿಲ್ರಿ, ಎಬ್ಬಿಸಿ ಓಡಸೂದೈತಿ. ಲೈಸನ್ಸು ಒಂದಕ್ಕ ಐತಿ. ಒಂಟಿ ನಳಿಗಿದ್ರಾಗ ಎಲ್ಲಾ ಆಗಂಗಿಲ್ಲೇನು?”

“ಆಗತೈತ್ರಿ,” ಅಂದರು ಸಾವಕಾರರು, ಈಗಲೂ ನಮ್ಮನೆಯವರಿಗೇ. “ಕಾಡತೂಸು ಬದಲಿ ಮಾಡ್ಕೋತ ಹೋಗಬೇಕು. ನಂಬರ್ ಹೆಚ್ಚಾದಂಗ ಒಳಗಿನ ಕಾಳು ಸಣ್ಣು ಆಗ್ತಾವು.”

“ಹಂಗಂದ್ರ ಇಷ್ಟೊತ್ತು ಜೋಡ ನಳಿಗಿ ಪುರಾಣ ಯಾಕ ಹೇಳಿದ್ರಿ?” ಅಂದೆ. ಆಗ ಮೊದಲ ಸಲ ನನ್ನ ಮುಖ ನೋಡಿದರು.

ಒಂಟಿ ನಳಿಗೆಯದು ಕೈಗೆ ಬಂತು. ಹಗುರಾಗಿತ್ತು, ಬೆಲೆ ಅರ್ಧಕ್ಕಿಂತ ಕಡಿಮೆ. ಹೆಗಲಿಗೆ ಹಚ್ಚಲು ಹೋದರೆ ಜಾರಿತು. ನಮ್ಮಲ್ಲಿ ಸೆರಗು ಬಲಗಡೆ, ತಲೆಯ ಮೇಲಿಂದ ಇಳಿದು ಬಲ ಹೆಗಲನ್ನೇ ಮುಚ್ಚುತ್ತದೆ. ಇಲಕಲ್ ಸೀರೆಯ ರೇಷ್ಮೆ ಸೆರಗಿನ ಮೇಲೆ ಬಂದೂಕಿನ ಕಟ್ಟಿಗೆ ನಿಲ್ಲಲೇ ಇಲ್ಲ. ಮತ್ತೆ ಹಚ್ಚಿದೆ, ಮತ್ತೆ ಜಾರಿತು. ಅಂಗಡಿಯಲ್ಲಿದ್ದ ಗಂಡಸರು ನಕ್ಕರು. ನಮ್ಮನೆಯವರು ಕೆಳಗೆ ನೋಡತೊಡಗಿದರು.

ಪರಗಂಡಸರ ಮುಂದೆ ನನ್ನ ತಲೆಯ ಸೆರಗು ಅಲ್ಲಿಯವರೆಗೆ ಇಳಿದಿರಲಿಲ್ಲ. ಇಳಿಸಿದೆ. ಹಿಂದಿನಿಂದ ಸುತ್ತಿ ಸೊಂಟಕ್ಕೆ ಬಿಗಿದೆ. ಬರಿ ಕುಬಸದ ಹೆಗಲಿಗೆ ಬಂದೂಕು ಹಚ್ಚಿದರೆ ಕಟ್ಟಿಗೆ ಕೂತಿತು, ಆದರೆ ಉದ್ದವಾಯಿತು. ಬೆರಳು ಗುಂಡು ಹಾರಿಸುವ ಕುದುರೆಗೆ ಮುಟ್ಟಬೇಕೆಂದರೆ ಕುತ್ತಿಗೆ ಕೊಂಕಿಸಬೇಕು. ಆರಡಿ ಗಂಡಸಿನ ಅಳತೆಗೆ ಮಾಡಿದ್ದು.

“ನಳಿಗಿಗೆ ಕೈ ಹಚ್ಚಬ್ಯಾಡ್ರಿ. ಹಿಂದಿನ ಕಟ್ಟಿಗಿ ಒಂದು ಇಂಚು ಕೊಯ್ದು ಕೊಡ್ರಿ,” ಅಂದೆ.

ನಗು ನಿಂತಿತು. “ಕೊಯ್ದ್ರ ಗಂಡಸ್ರಿಗೆ ಬರಂಗಿಲ್ಲ ತಂಗಿ,” ಅಂದರು ಸಾವಕಾರರು. “ನಾಳೆ ಮನ್ಯಾಗ ಯಾರರ ಹಿಡೀತೀನಂದ್ರ?”

ನಮ್ಮನೆಯವರೂ ಮೆಲ್ಲಗೆ, “ಇರಲಿ ಬಿಡು, ರೂಢಿ ಆಗತೈತಿ. ಮನಿ ಬಂದೂಕದು” ಅಂದರು.

ಮನೆಯ ಬಂದೂಕು! ಗದ್ದೆಗೆ ನಾನು, ಬಿಸಿಲಿಗೆ ನಾನು, ಲೈಸೆನ್ಸಿಗಾಗಿ ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂತವಳು ನಾನು. ಬಂದೂಕು ಮಾತ್ರ ಯಾವತ್ತೋ ಎದ್ದು ಬರಬಹುದಾದ ಗಂಡಸಿಗಾಗಿ ಉದ್ದ ಇರಬೇಕು.

“ರೂಢಿ ಭಾಳ ಮಾಡ್ಕೊಂಡೇನ್ರಿ. ಇದೊಂದು ನನ್ನ ಅಳತಿಗಿ ಇರಲಿ,” ಅಂದೆ. “ಕೊಯ್ರಿ.”

ಸಾವಕಾರರು ನಮ್ಮನೆಯವರನ್ನು ನೋಡಿದರು. ಅವರು ನನ್ನನ್ನು ನೋಡಿದರು. ನಾನು ಬಂದೂಕು ಕೆಳಗಿಡಲಿಲ್ಲ. ಕಡೆಗೆ ಸಾವಕಾರರು ಒಳಗಿಂದ ತಮ್ಮ ಮಿಸ್ತ್ರಿಯನ್ನು ಕರೆದರು. ಅವನು ನನ್ನ ಅಳತೆ ಹಿಡಿದು, ಗೆರೆ ಹಾಕಿ, ಗರಗಸದಿಂದ ಒಂದು ಇಂಚು ಕೊಯ್ದ.

ಹೊರಡುವಾಗ ಸಾವಕಾರರು ಆ ಕೊಯ್ದ ತುಂಡನ್ನು ಕಾಗದದಲ್ಲಿ ಸುತ್ತಿ ನಮ್ಮನೆಯವರ ಕೈಗೆ ಕೊಟ್ಟರು. “ಇಟ್ಟಿರ್ರಿ ಯಜಮಾನ್ರ, ಬೇಕಾದಾಗ ಮತ್ತ ಹಚ್ಚಿ ಕೊಡತೇನಿ,” ಅಂದರು. ಇವರು ಅದನ್ನು ಜೋಪಾನವಾಗಿ ಅಂಗಿಯ ಕಿಸೆಗೆ ಹಾಕಿಕೊಂಡು, ಸಾಂಖಳಿ ಮುಟ್ಟುವವರೆಗೂ ಒಂದು ಕೈ ಕಿಸೆಯ ಮೇಲೆಯೇ ಇಟ್ಟುಕೊಂಡಿದ್ದರು.

ಮರುದಿನ ಮುಂಜಾನೆ ಗೂಟಕ್ಕೆ ನೇತುಹಾಕಿದ್ದ ಅಂಗಿಯಿಂದ ಅದನ್ನು ತೆಗೆದು ನೀರೊಲೆಗೆ ಹಾಕಿದೆ. ಒಳ್ಳೆಯ ಒಣ ಕಟ್ಟಿಗೆ, ಹೊಗೆಯಾಡದೆ ಉರಿಯಿತು. ನಮ್ಮನೆಯವರು ಆ ನೀರಿನಲ್ಲೇ ಸ್ನಾನ ಮಾಡಿ ಅಂಗಡಿಗೆ ಹೋದರು.